ಹತ್ತು ಜನರೊಳಗಿನ ಅಂಗಡಿ: ಸಣ್ಣ ಉದ್ಯಮಗಳ ಸಮಾನತೆಯ ಹೊಣೆ ಕುರಿತು ಒಂದು ಟಿಪ್ಪಣಿ

2013ರ ಆರನೆಯ ಆರ್ಥಿಕ ಗಣತಿಯು ಬೆಳೆ ಸಾಗುವಳಿ, ಸರ್ಕಾರಿ ಆಡಳಿತ, ರಕ್ಷಣೆ ಇವುಗಳನ್ನು ಬಿಟ್ಟು ದೇಶದಲ್ಲಿ ಸುಮಾರು 5.85 ಕೋಟಿ ಉದ್ಯಮಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ ದುಡಿಯುತ್ತಿದ್ದವರು ಸುಮಾರು 13 ಕೋಟಿ ಜನ. ನೂರಕ್ಕೆ 95ಕ್ಕಿಂತ ಹೆಚ್ಚು ಉದ್ಯಮಗಳಲ್ಲಿ ಒಬ್ಬರಿಂದ ಐದು ಜನರಷ್ಟೇ ಇದ್ದರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಉದ್ಯಮಗಳು ನೂರಕ್ಕೆ ಒಂದೂವರೆಯಷ್ಟೂ ಇರಲಿಲ್ಲ. ಕೆಲಸದ ಜಾಗದಲ್ಲಿ ವೈವಿಧ್ಯ ಬೇಕು, ಸಮಾನತೆ ಬೇಕು, ಎಲ್ಲರನ್ನೂ ಒಳಗೊಳ್ಳಬೇಕು ಎಂದು ನಾವು ನಡೆಸುವ ಚರ್ಚೆ ಬಹುಮಟ್ಟಿಗೆ ಈ ಒಂದೂವರೆ ಭಾಗದ ಒಳಗೇ ಸುತ್ತುತ್ತದೆ. ಮಾನವ ಸಂಪನ್ಮೂಲ ವಿಭಾಗ, ತರಬೇತಿ ಶಿಬಿರ, ವಾರ್ಷಿಕ ವರದಿ ಎಲ್ಲ ಇರುವುದು ಅಲ್ಲಿಯೇ. ಕಿರಾಣಿ ಅಂಗಡಿ, ದರ್ಶಿನಿ, ಜೆರಾಕ್ಸ್ ಅಂಗಡಿ, ಟೈಲರ್ ಅಂಗಡಿ, ಬೇಕರಿ, ಗ್ಯಾರೇಜುಗಳ ಮಾತು ಬಂದಾಗ ಮಾಲೀಕರೂ ಅಧಿಕಾರಿಗಳೂ ಒಂದೇ ಉತ್ತರ ಕೊಡುವುದುಂಟು: ನಾಲ್ಕು ಜನರ ಅಂಗಡಿಗೆ ಇದೆಲ್ಲ ಅನ್ವಯಿಸುವುದಿಲ್ಲ.

ಈ ಉತ್ತರ ಎಷ್ಟು ಸರಿ ಎಂದು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಕಾಯ್ದೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು: ಸಣ್ಣ ಉದ್ಯಮಕ್ಕೆ ಕಾನೂನು ರಿಯಾಯಿತಿ ಕೊಟ್ಟಿರುವುದು ಬಹುಪಾಲು ವ್ಯವಸ್ಥೆಯ ವಿಷಯದಲ್ಲಿ, ಹಕ್ಕಿನ ವಿಷಯದಲ್ಲಿ ಅಲ್ಲ. ಸಮಿತಿ ರಚಿಸಬೇಕಿಲ್ಲ, ಅಧಿಕಾರಿಯನ್ನು ನೇಮಿಸಬೇಕಿಲ್ಲ ಎಂದರೆ ತಾರತಮ್ಯ ಮಾಡಬಹುದು ಎಂದಾಗುವುದಿಲ್ಲ. ಆದರೆ ವ್ಯವಹಾರದಲ್ಲಿ ಇವೆರಡೂ ಒಂದೇ ಎಂಬಂತೆ ನಡೆದುಬಂದಿದೆ. ಅದರ ನಷ್ಟವನ್ನು ಅನುಭವಿಸುವವರು ಅಂಗಡಿಯೊಳಗೆ ನಿಂತು ಕೆಲಸ ಮಾಡುವವರು.

ಮೊದಲು ಗಿರಾಕಿಯ ಬಾಗಿಲಿನಿಂದ ಶುರು ಮಾಡೋಣ, ಏಕೆಂದರೆ ಗಣರಾಜ್ಯ ಶುರು ಮಾಡಿದ್ದೂ ಅಲ್ಲಿಂದಲೇ. ಸಂವಿಧಾನದ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಹೋಗಲು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರಿಗೂ ತಡೆ ಇರಕೂಡದು ಎನ್ನುತ್ತದೆ. ಮೂಲಭೂತ ಹಕ್ಕುಗಳ ಬಹುತೇಕ ವಿಧಿಗಳು ಸರ್ಕಾರವನ್ನು ಕಟ್ಟುವಂಥವು. ಇದು ಗಲ್ಲಾದ ಮೇಲೆ ಕೂತ ಖಾಸಗಿ ಮಾಲೀಕನನ್ನೂ ಕಟ್ಟುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ವ್ಯಾಪ್ತಿಯ ಪ್ರಶ್ನೆ ಎದ್ದಾಗ ಅಂಬೇಡ್ಕರ್ ಉತ್ತರದಲ್ಲಿ ಸಂದಿಗ್ಧ ಉಳಿಸಲಿಲ್ಲ. ಕೇಳಿಕೊಂಡು ಬಂದವರಿಗೆ ಸೇವೆ ಕೊಡಲು ಸಿದ್ಧನಾಗಿ ಯಾರು ಕೂತಿದ್ದಾರೋ ಅವರೆಲ್ಲರ ಜಾಗವೂ ಇದರೊಳಗೆ ಬರುತ್ತದೆ. ಬರೀ ಒಳಗೆ ಬಿಟ್ಟುಕೊಂಡರೆ ಸಾಲದು, ಕರಾರಿಗೆ ಒಪ್ಪಿದವರಿಗೆ ಸೇವೆಯನ್ನೂ ಕೊಡಬೇಕು ಎಂಬುದು ಅವರ ವಿವರಣೆಯ ಸಾರ. 2011ರಲ್ಲಿ ಸುಪ್ರೀಂ ಕೋರ್ಟ್ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಪ್ರಕರಣದಲ್ಲಿ ಇದೇ ವಿವರಣೆಯನ್ನು ಆಧಾರವಾಗಿಟ್ಟುಕೊಂಡು ಖಾಸಗಿ ಶಿಕ್ಷಣ ಸಂಸ್ಥೆಗಳನ್ನೂ ಈ ವಿಧಿಯ ಒಳಗೆ ತಂದಿತು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ (1976ರ ತಿದ್ದುಪಡಿಯ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ) ಇನ್ನೂ ಹತ್ತಿರಕ್ಕೆ ಇಳಿಯುತ್ತದೆ. ಹೋಟೆಲಿನಲ್ಲಿ ಎಲ್ಲರಿಗೆಂದು ಇಟ್ಟ ಪಾತ್ರೆಯನ್ನು ಬಳಸಲು ಬಿಡದಿರುವುದನ್ನು ಅದರ 4ನೇ ಕಲಂ ಹೆಸರಿಟ್ಟು ಅಪರಾಧ ಎಂದಿದೆ. ಹಳ್ಳಿಯ ಚಹಾ ಅಂಗಡಿಯ ಎರಡು ಲೋಟದ ಪದ್ಧತಿ ನೇರವಾಗಿ ಇದರ ಕೆಳಗೆ ಬರುತ್ತದೆ. ಗಮನಿಸಬೇಕಾದ ಮಾತೆಂದರೆ, ಇಲ್ಲೆಲ್ಲೂ ಎಷ್ಟು ಜನ ಕೆಲಸಗಾರರಿದ್ದಾರೆ ಎಂಬ ಪ್ರಶ್ನೆಯೇ ಇಲ್ಲ. ಮಾಲೀಕ ಒಬ್ಬನೇ ಒಲೆ ಹಚ್ಚಿ ಒಬ್ಬನೇ ಲೋಟ ತೊಳೆಯುವ ಗೂಡಂಗಡಿಗೂ ಇದು ಅನ್ವಯಿಸುತ್ತದೆ.

ಗಿರಾಕಿಯ ಬಾಗಿಲಿಗೂ ಅಡುಗೆಮನೆಯ ಬಾಗಿಲಿಗೂ ಇರುವ ಅಂತರ ನಮ್ಮ ಹೋಟೆಲುಗಳ ಚರಿತ್ರೆಯಲ್ಲಿ ಬಹಳ ಸ್ಪಷ್ಟ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಭಾರತದ ಪಟ್ಟಣಗಳಲ್ಲಿ ಬ್ರಾಹ್ಮಣರ ಫಲಾಹಾರ ಮಂದಿರ ಎಂಬ ಬೋರ್ಡುಗಳು, ಒಳಗೆ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗ, ಇವು ಸಾಮಾನ್ಯವಾಗಿದ್ದವು. ಮದ್ರಾಸಿನ ಟ್ರಿಪ್ಲಿಕೇನಿನ ಹೋಟೆಲೊಂದರ ಬೋರ್ಡಿನಲ್ಲಿದ್ದ ಜಾತಿಸೂಚಕ ಪದ ತೆಗೆಯಬೇಕೆಂದು ಪೆರಿಯಾರ್ ಅನುಯಾಯಿಗಳು 1957ರಲ್ಲಿ ಚಳವಳಿ ನಡೆಸಿದರು. ಸಂವಿಧಾನ ಬಂದು ಏಳು ವರ್ಷ ಕಳೆದ ಮೇಲೆ! ಕಾಲ ಸರಿದಂತೆ ಊಟದ ಕೋಣೆ ಎಲ್ಲರಿಗೂ ತೆರೆಯಿತು. ಅಡುಗೆಮನೆ ತೆರೆದದ್ದು ಅಷ್ಟು ಬೇಗ ಅಲ್ಲ. ಅಡುಗೆಗೆ ಭಟ್ಟರು, ಸಪ್ಲೈಗೆ ಊರಿನ ಹುಡುಗರು, ಟೇಬಲ್ ಒರೆಸಲು ಮತ್ತು ಮುಸುರೆ ತಿಕ್ಕಲು ಬೇರೆಯವರು ಎಂಬ ಕೆಲಸದ ಹಂಚಿಕೆ ಬೋರ್ಡು ಬದಲಾದ ಮೇಲೂ ಬಹಳ ಕಾಲ ಉಳಿಯಿತು.

ಇದಕ್ಕೆ ತಿರುಗುಮುರುಗಾದ ಒಂದು ಪ್ರಕರಣ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನದು. ಓಲೀಸ್ ಬಾರ್ಬೆಕ್ಯೂ ಎಂಬ ಕುಟುಂಬದ ಹೋಟೆಲಿನಲ್ಲಿ 36 ಜನ ಕೆಲಸಗಾರರಿದ್ದರು. ಅವರಲ್ಲಿ ಮೂರನೇ ಎರಡರಷ್ಟು ಕಪ್ಪು ಜನ. ಆದರೆ ಕಪ್ಪು ಗಿರಾಕಿಗಳಿಗೆ ಒಳಗೆ ಕೂತು ಉಣ್ಣಲು ಅವಕಾಶವಿರಲಿಲ್ಲ, ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಈ ಮಾಲೀಕರು ಪ್ರಶ್ನಿಸಿದರು. ನಮ್ಮದು ಸ್ಥಳೀಯ ಸಣ್ಣ ವ್ಯವಹಾರ, ಒಕ್ಕೂಟ ಸರ್ಕಾರ ನಮ್ಮ ಮೇಲೆ ಅಧಿಕಾರ ಚಲಾಯಿಸುವಂತಿಲ್ಲ ಎಂಬುದು ಅವರ ವಾದ. ಅದೇ ವರ್ಷದ ಡಿಸೆಂಬರ್ 14ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಒಂದು ಹೋಟೆಲಿನ ಪಾಲು ಚಿಕ್ಕದಿರಬಹುದು, ಅಂಥ ಎಲ್ಲ ಹೋಟೆಲುಗಳನ್ನು ಕೂಡಿಸಿದಾಗ ಆಗುವ ಪರಿಣಾಮ ಚಿಕ್ಕದಲ್ಲ ಎಂಬುದು ತೀರ್ಪಿನ ತಿರುಳು. ಆರ್ಥಿಕ ಗಣತಿಯ 5.85 ಕೋಟಿಯ ಲೆಕ್ಕವನ್ನು ನೋಡಿದಾಗ ಈ ತರ್ಕ ನಮ್ಮಲ್ಲಿ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಅಲ್ಲಿ ಕೆಲಸಕ್ಕೆ ಬಾಗಿಲು ತೆರೆದಿತ್ತು, ಊಟಕ್ಕೆ ಮುಚ್ಚಿತ್ತು. ನಮ್ಮಲ್ಲಿ ಊಟಕ್ಕೆ ತೆರೆದ ಮೇಲೂ ಕೆಲಸದ ಬಾಗಿಲು ಅರೆ ಮುಚ್ಚಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಉದ್ಯಮದ ಬದ್ಧತೆಯನ್ನು ಒಂದೇ ಬಾಗಿಲಲ್ಲಿ ನಿಂತು ಅಳೆಯಲಾಗದು ಎಂಬುದು ಗೊತ್ತಾಗುತ್ತದೆ.

ಕೆಲಸದ ಬಾಗಿಲಿನ ಬಗ್ಗೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸಣ್ಣ ಉದ್ಯಮದಲ್ಲಿ ನೇಮಕಾತಿ ನಡೆಯುವುದು ಜಾಹೀರಾತಿನಿಂದಲ್ಲ, ಪರಿಚಯದಿಂದ. ‘ನಮ್ಮ ಕಡೆಯ ಹುಡುಗ’ ಎಂಬ ಒಂದು ಮಾತೇ ಅರ್ಜಿ, ಅದೇ ಜಾಮೀನು. ಕರಾವಳಿಯ ಸಾವಿರಾರು ಬಡ ಹುಡುಗರು ಮುಂಬೈ ಹೋಟೆಲುಗಳಿಗೆ ಸೇರಿದ್ದು ಹೀಗೆಯೇ. ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿ ಮೇಲೆ ಬಂದವರ ಚರಿತ್ರೆ ಮುಂಬೈ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದು ಸಾಧ್ಯವಾಗಬೇಕಾದರೆ ಸಂಜೆಯ ಗಿರಾಕಿ ತುಂಬುವ ಹೊತ್ತಿನಲ್ಲೇ ಮಾಲೀಕ ಹುಡುಗನನ್ನು ಬಿಟ್ಟುಕೊಡಬೇಕಿತ್ತು. ಯಾವ ಕಾಯ್ದೆಯೂ ಕೇಳದ, ಯಾವ ಪ್ರಕಟಣೆಯಲ್ಲೂ ಬರೆಯದ ಈ ಹೊಂದಾಣಿಕೆಯನ್ನು ನಾನು ನಿಜವಾದ ಬದ್ಧತೆ ಎಂದೇ ಎಣಿಸುತ್ತೇನೆ. ಆದರೆ ಅದೇ ಪರಿಚಯದ ಜಾಲ ತನ್ನ ಕಡೆಯವನಲ್ಲದವನನ್ನು ಹೊರಗಿಟ್ಟಿತು ಎಂಬುದೂ ಅಷ್ಟೇ ನಿಜ. ದಲಿತ ಹುಡುಗನಿಗೆ ಆ ಜಾಲದ ತುದಿ ಕೈಗೆ ಸಿಗುವುದೇ ಕಷ್ಟವಿತ್ತು. ಇಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಗೊತ್ತಿದ್ದವರನ್ನೇ ಕೇಳುವ ಅಭ್ಯಾಸ ಸಾಕು. ಅದಕ್ಕೇ ಸಣ್ಣ ಉದ್ಯಮದಲ್ಲಿ ವೈವಿಧ್ಯದ ಮೊದಲ ಹೆಜ್ಜೆ ಬಹಳ ಸರಳವಾದದ್ದು: ಕೆಲಸ ಖಾಲಿ ಇದೆ ಎಂಬ ಕಾಗದವನ್ನು ಬೀದಿಗೆ ಕಾಣುವಂತೆ ಅಂಟಿಸುವುದು, ಕೂಲಿ ಎಷ್ಟೆಂದು ಅದರಲ್ಲೇ ಬರೆಯುವುದು.

ಈಗ ಕಾಯ್ದೆಗಳ ಸಂಖ್ಯೆಯ ಮಿತಿಗಳಿಗೆ ಬರೋಣ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಬೇಕಾಗುವುದು ಹತ್ತು ಜನರಿರುವಲ್ಲಿ. ಹೆರಿಗೆ ಸೌಲಭ್ಯದ ಮಿತಿ ಅಂಗಡಿಗಳಿಗೆ ಹತ್ತು. ಕೂಸಿನ ಮನೆಗೆ ಐವತ್ತು. ಅಮೆರಿಕದಲ್ಲೂ ಉದ್ಯೋಗದ ತಾರತಮ್ಯ ತಡೆಯುವ 1964ರ ಕಾಯ್ದೆಯ ಏಳನೇ ಭಾಗ ಅನ್ವಯಿಸುವುದು ಹದಿನೈದು ಜನರಿರುವಲ್ಲಿಗೆ. ಇನ್ನೊಂದು ಕಡೆ, ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ 1976ರ ಕಾಯ್ದೆಗೆ ಇಂಥ ಮಿತಿ ಇರಲಿಲ್ಲ. ಅದರ ಜಾಗಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಗೊಂಡ ವೇತನ ಸಂಹಿತೆಯಲ್ಲೂ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆ ನೇಮಕಾತಿ, ಬಡ್ತಿಗಳಲ್ಲಿ ತಾರತಮ್ಯ ಕೂಡದು ಎಂದಾಗಲೂ ತಲೆ ಎಣಿಸುವುದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಉದ್ಯೋಗಕ್ಕೆ ತಡೆಯೊಡ್ಡುವುದು 1976ರ ತಿದ್ದುಪಡಿಯಿಂದ ಅಪರಾಧ, ಅಲ್ಲೂ ಮಿತಿಯಿಲ್ಲ.

ಇವುಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ ಬಳಿ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎಂದು ಅದರ 21ನೇ ಕಲಂ ಹೇಳುತ್ತದೆ. 2017ರ ನಿಯಮಗಳಲ್ಲಿ 8ನೇ ನಿಯಮ ಇದನ್ನು ಎರಡಾಗಿ ಒಡೆಯುತ್ತದೆ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳ ನೀತಿ ಉದ್ದದ್ದು: ಯಾವ ಹುದ್ದೆಗಳು, ಆಯ್ಕೆ ಹೇಗೆ, ತರಬೇತಿ, ವಿಶೇಷ ರಜೆ, ಸಾಧನ ಸಲಕರಣೆ, ಸಂಪರ್ಕಾಧಿಕಾರಿ ಎಲ್ಲವೂ ಬೇಕು. ಇಪ್ಪತ್ತಕ್ಕಿಂತ ಕಡಿಮೆ ಇರುವವರಿಗೆ ನಿಯಮ ಕೇಳುವುದು ಒಂದೇ ಸಂಗತಿ: ಅಂಗವಿಕಲ ಕೆಲಸಗಾರರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡುವಂತೆ ನೀವು ಯಾವ ಸೌಲಭ್ಯ ಒದಗಿಸುತ್ತೀರಿ ಎಂದು ಬರೆಯಿರಿ. ವೆಬ್‌ಸೈಟ್ ಇಲ್ಲದಿದ್ದರೆ ಅಂಗಡಿಯಲ್ಲೇ ಕಾಣುವ ಕಡೆ ತೂಗುಹಾಕಿ.

ಅಂದರೆ ಐದು ಜನರ ಬೇಕರಿಯೂ ಈ ಕಾಗದ ಬರೆಯಬೇಕು. ಸಣ್ಣವರಿಗೆ ಅನ್ವಯಿಸುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನಮ್ಮ ಕಾನೂನಿನಲ್ಲಿ ನನಗೆ ಬೇರೆ ಸಿಕ್ಕಿಲ್ಲ. ಈ ಸಣ್ಣ ನೀತಿಯ ರೂಪವೂ ನನಗೆ ಬಹಳ ಮೆಚ್ಚಿಗೆಯದು. ದೊಡ್ಡ ಸಂಸ್ಥೆಯ ನೀತಿಯಲ್ಲಿ ಆದರ್ಶದ ಮಾತುಗಳನ್ನು ತುಂಬಿ ಪುಟ ಮುಗಿಸಬಹುದು. ಬೇಕರಿಯವನಿಗೆ ಆ ದಾರಿಯಿಲ್ಲ. ಅವನ ಕಾಗದದಲ್ಲಿ ವಸ್ತುಗಳೇ ಇರಬೇಕು. ಉದಾಹರಣೆಗೆ ಒಂದನ್ನು ಊಹಿಸಿಕೊಳ್ಳೋಣ. ಬಾಗಿಲ ಮೆಟ್ಟಿಲಿನ ಮೇಲೆ ಹಲಗೆಯ ಇಳಿಜಾರು ಇರುತ್ತದೆ. ಪಫ್ಸ್ ತಟ್ಟೆ ಜೋಡಿಸುವ ಮೇಜು ಕೂತು ಕೆಲಸ ಮಾಡುವಷ್ಟು ತಗ್ಗಿರುತ್ತದೆ. ಕಿವಿ ಕೇಳದವರು ಕೆಲಸಕ್ಕಿದ್ದರೆ ಆರ್ಡರನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಓವನ್ನಿನ ಗಂಟೆಯ ಜತೆಗೆ ದೀಪವೂ ಹತ್ತುತ್ತದೆ. ಆಸ್ಪತ್ರೆಗೆ ಹೋಗುವ ದಿನ ಮೊದಲೇ ತಿಳಿಸಿದರೆ ಪಾಳಿ ಬದಲಿಸಿಕೊಡುತ್ತೇವೆ. ಐದು ವಾಕ್ಯ. ಒಳಗೆ ಬಂದ ಯಾರು ಬೇಕಾದರೂ ಸುತ್ತ ನೋಡಿ ಇದು ನಿಜವೋ ಅಲ್ಲವೋ ಎಂದು ಹೇಳಬಹುದು. ನೂರು ಪುಟದ ವರದಿಗೆ ಆ ಪರೀಕ್ಷೆ ಇಲ್ಲ.

ಇಂಥ ಹೊಂದಾಣಿಕೆ ಕೆಲಸದ ರಚನೆಯನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಮುಂಬೈಯ ಮಿರಾಕಲ್ ಕೊರಿಯರ್ಸ್ ಒಳ್ಳೆಯ ನಿದರ್ಶನ. ಧ್ರುವ್ ಲಾಕ್ರಾ 2009ರಲ್ಲಿ ಶುರು ಮಾಡಿದ ಈ ಸಂಸ್ಥೆ ಕಿವಿ ಕೇಳದವರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಕೊರಿಯರ್ ಎಂದರೆ ವಿಳಾಸ ಓದುವುದು, ದಾರಿ ತಿಳಿಯುವುದು, ಸಹಿ ಹಾಕಿಸಿಕೊಳ್ಳುವುದು. ಮಾತು ಬೇಕಾಗುವ ಕಡೆ ಮೊಬೈಲಿನ ಸಂದೇಶ ಸಾಕಾಯಿತು. ದಾನವಲ್ಲ, ವ್ಯಾಪಾರ ಎಂಬ ನಿಲುವಿನಿಂದ ನಡೆದ ಈ ಉದ್ಯಮಕ್ಕೆ ಅಂಗವಿಕಲರ ಸಬಲೀಕರಣದ ರಾಷ್ಟ್ರೀಯ ಪುರಸ್ಕಾರವೂ ಬಂತು. ಆದರೂ ಅಲ್ಲಿ ಗಂಡಸರು ಬೀದಿ ಸುತ್ತಿ ವಿತರಿಸುತ್ತಿದ್ದರು, ಹೆಂಗಸರು ಕಚೇರಿಯಲ್ಲಿ ಕೂತು ಟಪಾಲು ವಿಂಗಡಿಸುತ್ತಿದ್ದರು. ಒಂದು ತಾರತಮ್ಯವನ್ನು ಮುರಿದ ಉದ್ಯಮದೊಳಗೂ ಇನ್ನೊಂದು ಹಳೆಯ ವಿಭಜನೆ ಹಾಗೆಯೇ ಉಳಿಯಬಹುದು ಎಂಬುದನ್ನು ಸಂಶೋಧಕರು ಗುರುತಿಸಿಕೊಳ್ಳಬೇಕು. ಹುಬ್ಬಳ್ಳಿಯ ಕಾಲೇಜು ಆವರಣವೊಂದರಲ್ಲಿ 2017ರಲ್ಲಿ ಅಲೀನಾ ಆಲಂ ಆರಂಭಿಸಿದ ಮಿಟ್ಟಿ ಕೆಫೆ ಅಂಗವಿಕಲರೇ ನಡೆಸುವ ಇನ್ನೊಂದು ಪ್ರಯೋಗ. 2023ರ ನವೆಂಬರ್‌ನಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಅದು ಲಾಭಕ್ಕಾಗಿ ನಡೆಯುವ ಅಂಗಡಿಯಲ್ಲವಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಹೆಣ್ಣುಮಕ್ಕಳ ಸ್ಥಿತಿಗೆ ಬಂದಾಗ ಕಲ್ಲಿಕೋಟೆಯ ಮಿಠಾಯಿ ತೆರುವಿನ ಕಥೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸಾಲು ಸಾಲು ಬಟ್ಟೆ ಅಂಗಡಿಗಳ ಬೀದಿ ಅದು. ಸೀರೆ ಬಿಚ್ಚಿ ತೋರಿಸುವ ಹುಡುಗಿ ಬೆಳಿಗ್ಗೆ ಅಂಗಡಿ ತೆರೆದಾಗ ನಿಂತರೆ ರಾತ್ರಿ ಬಾಗಿಲು ಹಾಕುವತನಕ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿಲ್ಲ. ಗೋಡೆಗೆ ಒರಗಿದರೂ ಆಕ್ಷೇಪ, ಕೂತರೆ ಸಂಬಳದಲ್ಲಿ ಕಡಿತ. ಶೌಚಾಲಯವಿಲ್ಲದ್ದರಿಂದ ದಿನವಿಡೀ ನೀರು ಕುಡಿಯದೆ ಇರುವುದು ರೂಢಿಯಾಯಿತು. ಬಟ್ಟೆ ಹೊಲಿಯುವ ಕೆಲಸ ಮಾಡುತ್ತಿದ್ದ ವಿಜಿ ಎಂಬುವರು ಈ ಹೆಂಗಸರನ್ನು ಪೆಣ್‌ಕೂಟ್ಟು ಎಂಬ ಸಂಘಟನೆಯಲ್ಲಿ ಒಂದುಗೂಡಿಸಿ ಮೊದಲು ಶೌಚಾಲಯಕ್ಕಾಗಿ, ಬಳಿಕ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನ ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ತನ್ನ 1947ರ ಕಾಯ್ದೆಗೆ 22-ಎ ಕಲಂ ಸೇರಿಸಿ ಅದೇ ಹಾದಿ ಹಿಡಿಯಿತು.

ಸಮಾನತೆಯ ಚರ್ಚೆಯಲ್ಲಿ ಒಂದು ಸ್ಟೂಲಿಗೆ ಇಷ್ಟು ಜಾಗ ಯಾಕೆ ಎಂದು ಕೇಳಬಹುದು. ಅಂಗಡಿಯೊಳಗೆ ಕೂರುವವರು ಯಾರು, ನಿಲ್ಲುವವರು ಯಾರು ಎಂದು ನೋಡಿ: ಮಾಲೀಕ ಗಲ್ಲಾದ ಮುಂದೆ ಕೂರುತ್ತಾನೆ, ಗಿರಾಕಿಗೆ ಮೆತ್ತೆಯ ಆಸನ, ಲೆಕ್ಕ ಬರೆಯುವವನಿಗೆ ಕುರ್ಚಿ. ನಿಲ್ಲುವುದು ಹೆಚ್ಚಾಗಿ ಕಡಿಮೆ ಸಂಬಳದ ಹೆಣ್ಣುಮಗಳ ಪಾಲಿಗೆ. ಮುಟ್ಟಿನ ದಿನಗಳಲ್ಲಿ, ಬಸಿರಿನ ತಿಂಗಳುಗಳಲ್ಲಿ, ಕಾಲಿನ ನರ ಊದಿದಾಗ ಆ ಒಂದು ಸ್ಟೂಲು ಇಲ್ಲದ ಕಾರಣಕ್ಕೇ ಕೆಲಸ ಬಿಡಬೇಕಾಗುತ್ತದೆ. ಕೇಂದ್ರದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ನಿಂತು ದುಡಿಯುವವರಿಗೆ ಆಸನದ ವ್ಯವಸ್ಥೆ ಬೇಕೆನ್ನುತ್ತದೆ, ಆದರೆ ಅದರ ಸಾಮಾನ್ಯ ಮಿತಿ ಹತ್ತು ಕೆಲಸಗಾರರು. ಒಂಬತ್ತು ಜನರ ಅಂಗಡಿಯಲ್ಲಿ ಕಾಲು ಕಡಿಮೆ ನೋಯುತ್ತದೆಯೇ? ಸಂಖ್ಯೆಯ ಮಿತಿ ಸಮಿತಿಗೆ ಹೊಂದುತ್ತದೆ, ಸ್ಟೂಲಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣವರ ಕಷ್ಟ ಸುಳ್ಳಲ್ಲ. 2025ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿದಾಗ ಮಾಲೀಕರಿಂದ ವಿರೋಧ ಬಂತು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಐದು ಜನರ ಅಂಗಡಿಯಲ್ಲಿ ಒಬ್ಬರು ಬಾರದಿದ್ದರೆ ಐದನೇ ಒಂದು ಭಾಗ ಕೈ ಕಡಿಮೆ; ಐನೂರು ಜನರ ಕಂಪನಿಗೆ ಅದು ಗೊತ್ತೇ ಆಗುವುದಿಲ್ಲ. ಹೀಗಿರುವಾಗ ಹೆಂಗಸರನ್ನೇ ತೆಗೆದುಕೊಳ್ಳುವುದು ಬೇಡ ಎಂಬ ಯೋಚನೆ ಮಾಲೀಕನಿಗೆ ಬರುವ ಅಪಾಯ ನಿಜವಾದದ್ದು. ಆದರೆ ಹೆಣ್ಣೆಂಬ ಕಾರಣಕ್ಕೆ ಕೆಲಸಕ್ಕೆ ಬೇಡವೆನ್ನುವುದನ್ನು ವೇತನ ಸಂಹಿತೆ ನಿಷೇಧಿಸುತ್ತದೆ. ಈ ಹೊರೆಯನ್ನು ಹಗುರ ಮಾಡುವ ಹೊಣೆ ಸರ್ಕಾರದ್ದೂ ಹೌದು. ಉದಾಹರಣೆಗೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 35ನೇ ಕಲಂ ನೂರಕ್ಕೆ ಐದರಷ್ಟಾದರೂ ಅಂಗವಿಕಲರನ್ನು ನೇಮಿಸಿಕೊಳ್ಳುವ ಖಾಸಗಿಯವರಿಗೆ ಪ್ರೋತ್ಸಾಹ ಕೊಡುವ ಮಾತಾಡುತ್ತದೆ. ಹತ್ತು ಜನರೊಳಗಿನ ಅಂಗಡಿಯಲ್ಲಿ ಒಬ್ಬರನ್ನು ತೆಗೆದುಕೊಂಡರೂ ಆ ಪ್ರಮಾಣ ದಾಟಿದಂತೆ. ಅಂಥ ಅಂಗಡಿಗೆ ಇಳಿಜಾರು, ತಗ್ಗು ಮೇಜು, ಶೌಚಾಲಯದ ಹಿಡಿಕೆ ಹಾಕಿಸಲು ಸಹಾಯಧನ ಸಿಗುವುದೇ ಈ ಕಲಮಿನ ಅತಿ ಸಾರ್ಥಕ ಬಳಕೆಯಾದೀತು.

ಉಳಿದದ್ದು ದೂರಿನ ಪ್ರಶ್ನೆ. ಸಣ್ಣ ಅಂಗಡಿಯಲ್ಲಿ ಇದೇ ಎಲ್ಲಕ್ಕಿಂತ ಬಿಗಿಯಾದ ಗಂಟು. ಸಂಬಳ ಕೊಡುವವನು, ರಜೆ ಕೊಡುವವನು, ಜಗಳ ತೀರಿಸುವವನು ಮೂವರೂ ಒಬ್ಬನೇ. ಕಿರುಕುಳ ಕೊಟ್ಟವನೂ ಅವನೇ ಆಗಿದ್ದರೆ ಹೇಳಿಕೊಳ್ಳುವುದು ಯಾರಲ್ಲಿ? ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಇದನ್ನು ಸರಿಯಾಗಿಯೇ ಊಹಿಸಿತ್ತು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯ ದೂರುಗಳಿಗೂ ಮಾಲೀಕನ ಮೇಲಿನ ದೂರುಗಳಿಗೂ ಅದರ 6ನೇ ಕಲಂ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆನ್ನುತ್ತದೆ. ತಾಲ್ಲೂಕಿಗೆ, ನಗರದ ವಾರ್ಡಿಗೆ ಒಬ್ಬ ನೋಡಲ್ ಅಧಿಕಾರಿ ಇದ್ದು, ಬಂದ ದೂರನ್ನು ಏಳು ದಿನದೊಳಗೆ ಆ ಸಮಿತಿಗೆ ತಲುಪಿಸಬೇಕು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೆ, 2024ರ ಡಿಸೆಂಬರ್ 3ರಂದು, ಎಲ್ಲ ರಾಜ್ಯಗಳೂ ಜಿಲ್ಲಾ ಅಧಿಕಾರಿಗಳನ್ನು ನೇಮಿಸಿ ಈ ಸಮಿತಿಗಳನ್ನು ರಚಿಸಬೇಕೆಂದು ಸುಪ್ರೀಂ ಕೋರ್ಟ್ ಗಡುವು ಕೊಟ್ಟು ನಿರ್ದೇಶಿಸಬೇಕಾಯಿತು. ದೇಶದ ಉದ್ಯಮಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚಿನವುಗಳಿಗೆ ಸಂಬಂಧಿಸಿದ ವ್ಯವಸ್ಥೆಯೊಂದು ಅಷ್ಟು ಕಾಲ ಅರೆಬರೆಯಾಗಿ ಉಳಿದಿತ್ತು.

ಸಣ್ಣ ಮಾಲೀಕನಿಗೆ ಇಲ್ಲಿ ಮಾಡಲು ಒಂದು ಕೆಲಸವಿದೆ, ಅದಕ್ಕೆ ಖರ್ಚೂ ಇಲ್ಲ. ತನ್ನ ಮೇಲೆಯೇ ದೂರು ಕೊಡುವುದು ಎಲ್ಲಿ ಎಂಬುದನ್ನು, ಅಂದರೆ ಜಿಲ್ಲೆಯ ಸ್ಥಳೀಯ ಸಮಿತಿಯ ವಿಳಾಸ ಮತ್ತು ನೋಡಲ್ ಅಧಿಕಾರಿಯ ಫೋನ್ ನಂಬರನ್ನು, ಕನ್ನಡದಲ್ಲಿ ಬರೆದು ಕೆಲಸಗಾರರು ಊಟಕ್ಕೆ ಕೂರುವ ಜಾಗದಲ್ಲಿ ಅಂಟಿಸುವುದು. ಒಬ್ಬ ಮಾಲೀಕ ಎಷ್ಟು ಬದ್ಧ ಎಂದು ತಿಳಿಯಲು ನಾನು ಮೊದಲು ಹುಡುಕುವುದು ಈ ಚೀಟಿಯನ್ನೇ. ನಗರಸಭೆ, ಪಾಲಿಕೆಗಳು ವ್ಯಾಪಾರ ಪರವಾನಗಿ ನವೀಕರಿಸುವಾಗ ಅದರ ಹಿಂಬದಿಯಲ್ಲಿ ಈ ವಿಳಾಸವನ್ನೂ 8ನೇ ನಿಯಮದ ಸಮಾನ ಅವಕಾಶ ನೀತಿಗೆ ನಾಲ್ಕೈದು ಖಾಲಿ ಗೆರೆಗಳನ್ನೂ ಅಚ್ಚು ಹಾಕಿ ಕೊಟ್ಟರೆ, ಮಾಲೀಕರು ಬೇರೆ ಕಾಗದ ಹುಡುಕಬೇಕಾಗಿಲ್ಲ, ಆ ಗೆರೆಗಳನ್ನು ತುಂಬಿ ತೂಗುಹಾಕಿದರಾಯಿತು.